ಕೋಳಿಯ ಬಳಗ ಸೇರಿದ ನಾಯಿ

ಇಳಿತದ ಹೊತ್ತಿನಲ್ಲಿ ಆ ದ್ವೀಪಕ್ಕೂ ದಡಕ್ಕೂ ನಡುವೆ ಉಳಿಯುತ್ತಿದ್ದುದು ಇಪ್ಪತ್ತು ಮೂವತ್ತು ಮೀಟರ್ ಅಗಲದ ನೀರು. ಆಳ ಒಂದು ಗೇಣು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ದಕ್ಷಿಣ ಕರಾವಳಿಯಲ್ಲಿ, ಮೆಲ್ಬರ್ನ್‌ನಿಂದ ಸುಮಾರು 260 ಕಿಲೋಮೀಟರ್ ದೂರದಲ್ಲಿ ವಾರ್ನಂಬೂಲ್ ಎಂಬ ಊರು. ಊರಿನೆದುರು, ಮೆರ್ರಿ ನದಿ ಸಮುದ್ರ ಸೇರುವ ಜಾಗದಲ್ಲಿ ಮಿಡ್ಲ್ ಐಲೆಂಡ್ ಎಂಬ ಪುಟ್ಟ ದ್ವೀಪ. ಅಲ್ಲಿ ಪೆಂಗ್ವಿನ್‌ಗಳು ಬಿಲ ತೋಡಿಕೊಂಡು ಸಂಸಾರ ಹೂಡಿದ್ದವು. ಹಿಮದ ನಾಡಿನ ದೊಡ್ಡ ಪೆಂಗ್ವಿನ್ ಅಲ್ಲ ಅವು. ಪೆಂಗ್ವಿನ್ ಜಾತಿಗಳಲ್ಲೆಲ್ಲ ಚಿಕ್ಕವು. ಒಂದು ಅಡಿಗಿಂತ ಸ್ವಲ್ಪ ಎತ್ತರ, ಒಂದು ಕಿಲೋ ಆಸುಪಾಸಿನ ತೂಕ. ಹಗಲೆಲ್ಲ ಸಮುದ್ರದಲ್ಲಿ ಮೀನು ಹಿಡಿದು, ಕತ್ತಲಾದ ಮೇಲೆ ಸಾಲಾಗಿ ದಡ ಹತ್ತಿ, ತಂತಮ್ಮ ಬಿಲ ಸೇರಿಕೊಳ್ಳುತ್ತಿದ್ದವು. ಹೆಚ್ಚುಕಡಿಮೆ ಸಂಜೆಗೆ ಗೂಡು ಸೇರುವ ಕೋಳಿಯ ಬಾಳು.

2000ದ ಸುಮಾರಿಗೆ ಅಲ್ಲಿ 600ಕ್ಕೂ ಹೆಚ್ಚು ಹಕ್ಕಿಗಳಿದ್ದವು. ಆ ಹೊತ್ತಿಗೆ ನಡುವಿನ ನೀರಿನಲ್ಲಿ ಮರಳು ತುಂಬತೊಡಗಿತ್ತು. ಒಂದು ರಾತ್ರಿ ಕೆಂಪು ನರಿಯೊಂದು ಕಾಲು ಒದ್ದೆ ಮಾಡಿಕೊಂಡು ದಾಟಿತು. ನರಿ ಆ ಖಂಡದ ಪ್ರಾಣಿಯೇ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರು ಬೇಟೆಯ ಮೋಜಿಗಾಗಿ ಹಡಗಿನಲ್ಲಿ ತಂದು ಬಿಟ್ಟದ್ದು. ನೆಲದ ಮೇಲೆ ಇಂಥ ಶತ್ರುವನ್ನು ಕಂಡರಿಯದ ಪೆಂಗ್ವಿನ್‌ಗಳು ಓಡಲಿಲ್ಲ, ಓಡಲು ಅವಕ್ಕೆ ಬರುತ್ತಲೂ ಇರಲಿಲ್ಲ. ಅತಿ ಘೋರವಾದ ಒಂದು ದಾಳಿಯಲ್ಲಿ ಸುಮಾರು ಎರಡು ರಾತ್ರಿಗಳೊಳಗೆ 360 ಹಕ್ಕಿಗಳು ಸತ್ತವು. 2005ರ ಎಣಿಕೆಯಲ್ಲಿ ಇಡೀ ದ್ವೀಪದಲ್ಲಿ ಹತ್ತು ಪೆಂಗ್ವಿನ್ ಕೂಡ ಸಿಗಲಿಲ್ಲ.

ಸತ್ತವುಗಳಲ್ಲಿ ಬಹುಪಾಲನ್ನು ನರಿ ತಿಂದಿರಲಿಲ್ಲ. ಕೋಳಿ ಸಾಕಿದವರಿಗೆ ಈ ನೋಟ ಹೊಸದಲ್ಲ. ಗೂಡಿಗೆ ನುಗ್ಗಿದ ನರಿ ಒಂದನ್ನು ಹೊತ್ತುಕೊಂಡು ಹೋಗಿ ಇಪ್ಪತ್ತನ್ನು ಕತ್ತು ಮುರಿದು ಬಿಟ್ಟಿರುತ್ತದೆ. ಜನ ಅದನ್ನು ಕ್ರೌರ್ಯವೆಂದರು. ಇಂಗ್ಲೆಂಡಿನ ರಾವೆನ್‌ಗ್ಲಾಸ್ ಕಡಲತೀರದಲ್ಲಿ ಕಡಲಕಾಗೆಗಳನ್ನು ನರಿಗಳು ಹೀಗೆಯೇ ಕೊಂದು ಬಿಟ್ಟದ್ದನ್ನು ಅಧ್ಯಯನ ಮಾಡಿದ ಹಾನ್ಸ್ ಕ್ರೂಕ್ 1972ರಲ್ಲಿ ಬೇರೆಯೇ ಲೆಕ್ಕ ಕೊಟ್ಟರು. ಕಾಡಿನಲ್ಲಿ ಒಂದನ್ನು ಹಿಡಿಯುವಷ್ಟರಲ್ಲಿ ಮಿಕ್ಕವು ಓಡಿಹೋಗಿರುತ್ತವೆ, ಅಲ್ಲಿಗೆ ಬೇಟೆ ಮುಗಿಯುತ್ತದೆ. ಓಡಿಹೋಗದ ಹಕ್ಕಿ ಬಾಯೆದುರೇ ಪಟಪಟಿಸುತ್ತಿದ್ದರೆ, ಹಿಡಿ ಎನ್ನುವ ಚೋದನೆ ಮತ್ತೆ ಮತ್ತೆ ಏಳುತ್ತದೆ. ಹೊಟ್ಟೆ ತುಂಬಿದ್ದರೂ ನಿಲ್ಲುವುದಿಲ್ಲ. ನಾಯಿಯ ದವಡೆಯೂ ಇದೇ ನಿಯಮಕ್ಕೆ ಒಳಪಟ್ಟದ್ದು. ಹಿತ್ತಲಲ್ಲಿ ಕೋಳಿ ಕೊಂದ ಸಾಕುನಾಯಿ ಬಾಲವಾಡಿಸುತ್ತ ಯಜಮಾನನ ಎದುರು ಬಂದು ನಿಲ್ಲುವುದು ಇದಕ್ಕೇ.

ವಾರ್ನಂಬೂಲ್ ಹತ್ತಿರ ಅಲನ್ ಮಾರ್ಷ್ ಎಂಬ ಕೋಳಿ ಸಾಕುವ ರೈತರಿದ್ದರು. ಊರವರು ಕರೆಯುತ್ತಿದ್ದುದು ‘ಸ್ವಾಂಪಿ’ ಎಂದು. ಅವರ ಕೋಳಿಗಳು ಪಂಜರದವಲ್ಲ, ಬಯಲಲ್ಲಿ ಮೇಯುವಂಥವು. ನರಿಗಳಿಗೆ ಅದು ಬಡಿಸಿಟ್ಟ ಬಾಳೆಲೆಯಾಗಿತ್ತು. ಮಾರ್ಷ್ ರಾತ್ರಿಯಿಡೀ ಬಂದೂಕು ಹಿಡಿದು ಕಾದರು. ಹೊಡೆದಷ್ಟೂ ಹೊಸ ನರಿಗಳು ಬಂದವು. ಅಂಥ ಒಂದು ನಿದ್ದೆಗೆಟ್ಟ ರಾತ್ರಿ ಅವರ ಕಿವಿ ನೆರೆಯವರ ನಾಯಿಯ ಬೊಗಳಿಕೆಯ ಮೇಲೆ ನಿಂತಿತು. ಅದು ಪ್ರತಿರಾತ್ರಿ ಬೊಗಳುತ್ತಿತ್ತು. ಪ್ರತಿರಾತ್ರಿ ಅವರಿಗೆ ಅದು ಕಿರಿಕಿರಿಯಾಗಿತ್ತು. ಆ ರಾತ್ರಿ ಮಾತ್ರ ಒಂದು ವಿಚಾರ ಹೊಳೆಯಿತು: ತಾನು ಬಂದೂಕು ಹಿಡಿದು ಕಾಯುತ್ತಿರುವ ಪ್ರಾಣಿಯನ್ನೇ ಆ ನಾಯಿಯೂ ಬೈಯುತ್ತಿದೆ. ತಾನು ಚಳಿಯಲ್ಲಿ ಬಿದ್ದುಕೊಂಡು ಮಾಡುತ್ತಿರುವ ಕೆಲಸವನ್ನು ಅದು ಕೂಲಿಯಿಲ್ಲದೆ ಮಾಡುತ್ತಿದೆ.

ಮಾರ್ಷ್ ಇಟಲಿ ಮೂಲದ ಮರೆಮ್ಮಾ ಜಾತಿಯ ಬಿಳಿ ನಾಯಿಯನ್ನು ತಂದು ಕೋಳಿಗಳ ನಡುವೆ ಬಿಟ್ಟರು. ನರಿಗಳ ಕಾಟ ನಿಂತಿತು. ಮುಂದೆ, ಪೆಂಗ್ವಿನ್‌ಗಳ ಸುದ್ದಿ ಊರಿನ ತುಂಬ ಹಬ್ಬಿದಾಗ ಅವರು ಸರಳವಾಗಿ ಒಂದು ಮಾತು ಮುಂದಿಟ್ಟರು: ಕೋಳಿ ಕಾಯುವ ನಾಯಿ ಪೆಂಗ್ವಿನ್ ಅನ್ನೂ ಕಾಯಬಲ್ಲದು. ಬಹಳ ದಿನ ಯಾರೂ ಕಿವಿಗೊಡಲಿಲ್ಲ. ಕಿವಿಗೊಡದವರನ್ನು ದೂರುವುದೂ ಕಷ್ಟ. ಅಳಿವಿನ ಅಂಚಿನಲ್ಲಿದ್ದ ಬೆರಳೆಣಿಕೆಯ ಹಕ್ಕಿಗಳ ನಡುವೆ ನಲವತ್ತು ಕಿಲೋ ತೂಗುವ ಮಾಂಸಾಹಾರಿಯನ್ನು ಬಿಡುವುದೆಂದರೆ, ಬೇಲಿಯೇ ಎದ್ದು ಹೊಲ ಮೇಯ್ದರೆ ಕೇಳುವವರು ಯಾರು?

ಆ ಅಂಜಿಕೆಯ ಹಿಂದೆ ಬಹಳ ಹಳೆಯ ನಂಬಿಕೆಯೊಂದಿತ್ತು. ಕೋಳಿಯ ರುಚಿ ಹತ್ತಿದ ನಾಯಿ ಕೆಟ್ಟಿತು ಎಂದು ಲೋಕವೆಲ್ಲ ನಂಬಿತ್ತು. ಇಂಗ್ಲೆಂಡ್ ಅಮೆರಿಕಗಳ ಹಳ್ಳಿಗಳಲ್ಲಿ ಅದಕ್ಕೊಂದು ಮದ್ದೂ ಇತ್ತು: ಕೊಂದ ಕೋಳಿಯನ್ನು ಆ ನಾಯಿಯ ಕೊರಳಿಗೇ ಕಟ್ಟಿ, ಅದು ಕೊಳೆತು ಉದುರುವವರೆಗೆ ಬಿಡುವುದು. ತಲೆಮಾರುಗಳ ಕಾಲ ನಾಯಿಗಳು ಆ ಹೊಲಸು ಹಾರ ಹೊತ್ತು ತಿರುಗಿದವು. ಹೊಡೆತ ತಿಂದವು, ಸರಪಳಿಗೆ ಬಿದ್ದವು, ಕೊನೆಗೆ ಗುಂಡಿಗೂ ಬಲಿಯಾದವು. ನಾಯಿಯ ಬಾಲ ಡೊಂಕು ಎಂಬ ತೀರ್ಪು ಮಾತ್ರ ಬದಲಾಗಲಿಲ್ಲ. ಎಲ್ಲರೂ ಕೊಂದ ನಾಯಿಯನ್ನು ತಿದ್ದಲು ಹೊರಟಿದ್ದರು. ಕೊಲ್ಲದ ನಾಯಿ ಹೇಗೆ ಬೆಳೆಯುತ್ತದೆ ಎಂದು ನೋಡಿದವರು ಬಹಳ ಕಡಿಮೆ.

ಮರೆಮ್ಮಾದ ತವರಿನಲ್ಲಿ ಕುರಿಗಾಹಿಗಳು ಅದನ್ನು ಎರಡು ಸಾವಿರ ವರ್ಷಗಳಿಂದಲೂ ಬಲ್ಲವರಾಗಿದ್ದರು. ರೋಮಿನ ಪಂಡಿತ ವರ್ರೋ ಕ್ರಿಸ್ತಪೂರ್ವ 37ರ ಸುಮಾರಿಗೆ ಬರೆದ ಕೃಷಿಗ್ರಂಥದಲ್ಲಿ ಮಂದೆ ಕಾಯುವ ನಾಯಿ ಬೆಳ್ಳಗಿದ್ದರೆ ಒಳ್ಳೆಯದೆಂದು ಹೇಳಿ, ಜೊತೆಗೊಂದು ಕತೆಯನ್ನೂ ಸೇರಿಸಿದ. ಪೊಂಟಿಯಾನಸ್ ಎಂಬ ಶ್ರೀಮಂತ ದೂರದ ಉಂಬ್ರಿಯಾದಲ್ಲಿ ಕುರಿಮಂದೆಗಳನ್ನು ಕೊಂಡ. ವ್ಯಾಪಾರದಲ್ಲಿ ನಾಯಿಗಳೂ ಸೇರಿದ್ದವು, ಕುರುಬರು ಸೇರಿರಲಿಲ್ಲ. ಕುರುಬರು ಮಂದೆಯನ್ನು ದಕ್ಷಿಣದ ಹುಲ್ಲುಗಾವಲಿಗೆ ಮುಟ್ಟಿಸಿ ಊರಿಗೆ ಮರಳಿದರು. ಕೆಲವೇ ದಿನಗಳಲ್ಲಿ ನಾಯಿಗಳು, ಯಾರೂ ದಾರಿ ತೋರಿಸದೆ, ಸಿಕ್ಕಿದ್ದನ್ನು ತಿಂದುಕೊಂಡು, ಬಹುದಿನಗಳ ಹಾದಿಯನ್ನು ನಡೆದು ತಮ್ಮ ಹಳೆಯ ಕುರುಬರ ಬಾಗಿಲಿಗೆ ಬಂದು ನಿಂತವು. ನಾಯಿಯನ್ನು ಮಂದೆಗೆ ಕಟ್ಟಿಹಾಕುವುದು ದುಡ್ಡೂ ಅಲ್ಲ, ಹಗ್ಗವೂ ಅಲ್ಲ ಎಂಬುದು ವರ್ರೋಗೆ ಗೊತ್ತಾಗಿತ್ತು. ಆ ನಂಟು ಯಾವಾಗ, ಹೇಗೆ ಬೆಳೆಯುತ್ತದೆ ಎಂಬುದನ್ನು ಅವನು ಹೇಳಲಿಲ್ಲ.

ಅದನ್ನು ಮೊದಲು ಕಣ್ಣಾರೆ ಕಂಡು ವಿವರವಾಗಿ ಬರೆದಿಟ್ಟವರಲ್ಲಿ ಒಬ್ಬ ಇಪ್ಪತ್ನಾಲ್ಕರ ಹುಡುಗ. 1833ರ ನವೆಂಬರ್‌ನಲ್ಲಿ ಚಾರ್ಲ್ಸ್ ಡಾರ್ವಿನ್, ಬೀಗಲ್ ಹಡಗನ್ನು ಬಿಟ್ಟು, ಇಂದಿನ ಉರುಗ್ವೆ ದೇಶದ ಹುಲ್ಲುಗಾವಲುಗಳಲ್ಲಿ ಕುದುರೆಯ ಮೇಲೆ ಅಲೆಯುತ್ತಿದ್ದರು. ಯಾವ ಮನೆಯಿಂದಲೋ ಮೈಲುಗಟ್ಟಲೆ ದೂರದಲ್ಲಿ ದೊಡ್ಡ ಕುರಿಮಂದೆ ಕಾಣಿಸಿತು. ಕುರುಬನಿಲ್ಲ. ಒಂದೆರಡು ನಾಯಿಗಳಷ್ಟೇ ಇದ್ದವು. ಕುದುರೆ ಹತ್ತಿರವಾದಂತೆ ನಾಯಿ ಮುಂದೆ ಬಂದು ಬೊಗಳಿತು. ಕುರಿಗಳೆಲ್ಲ, ಮಂದೆಯ ಹಿರಿಯ ಟಗರಿನ ಬೆನ್ನಿಗೆ ನಿಲ್ಲುವಂತೆ, ಅದರ ಹಿಂದೆ ಒತ್ತಾಗಿ ನಿಂತವು. ಇಂಥ ಗೆಳೆತನ ಹೇಗೆ ಬೆಳೆಯಿತೆಂದು ಡಾರ್ವಿನ್ ಸ್ಥಳೀಯರನ್ನು ಕೇಳಿದರು. ಉತ್ತರ ವಿಚಿತ್ರವಾಗಿತ್ತು. ಎಳೆ ಮರಿಯನ್ನು ತಾಯಿಯಿಂದ ಅಗಲಿಸುತ್ತಿದ್ದರು. ದಿನಕ್ಕೆ ಮೂರು ನಾಲ್ಕು ಬಾರಿ ಒಂದು ಹೆಣ್ಣುಕುರಿಯನ್ನು ಹಿಡಿದು ನಿಲ್ಲಿಸಿ ಮರಿಗೆ ಅದರ ಮೊಲೆ ಉಣಿಸುತ್ತಿದ್ದರು. ಕುರಿಹಟ್ಟಿಯೊಳಗೆ ಉಣ್ಣೆಯ ಹಾಸಿಗೆ ಮಾಡಿ ಮಲಗಿಸುತ್ತಿದ್ದರು. ಬೇರೆ ನಾಯಿಗಳ ಜೊತೆಗಾಗಲಿ ಮನೆಯ ಮಕ್ಕಳ ಜೊತೆಗಾಗಲಿ ಅದು ಆಡುವಂತಿರಲಿಲ್ಲ. ಬೀಜ ಒಡೆಯುತ್ತಲೂ ಇದ್ದರು.

ಡಾರ್ವಿನ್‌ಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ದಿನಚರಿ. ಕಾವಲುನಾಯಿ ದಿನಕ್ಕೊಮ್ಮೆ ಮಾಂಸಕ್ಕಾಗಿ ಮನೆಗೆ ಬರುತ್ತಿತ್ತು. ತುಂಡು ಬಾಯಿಗೆ ಬಿದ್ದ ಕೂಡಲೇ ನಾಚಿದಂತೆ ಓಡಿಹೋಗುತ್ತಿತ್ತು. ಮನೆಯ ನಾಯಿಗಳು ಅದನ್ನು ಅಟ್ಟಿಸಿಕೊಂಡು ಹೋಗುತ್ತಿದ್ದವು, ಚಿಕ್ಕ ನಾಯಿಯೂ ಬಿಡುತ್ತಿರಲಿಲ್ಲ. ಮಂದೆಯನ್ನು ಮುಟ್ಟಿದ್ದೇ ತಡ, ಹೆದರುಪುಕ್ಕಲ ಹಿಂದಿರುಗಿ ನಿಂತು ಬೊಗಳುತ್ತಿತ್ತು. ಅಟ್ಟಿಸಿಕೊಂಡು ಬಂದ ನಾಯಿಗಳೆಲ್ಲ ಬಾಲ ಮುದುರಿ ಓಟ ಕೀಳುತ್ತಿದ್ದವು. ಹಸಿದ ಕಾಡುನಾಯಿಗಳ ಹಿಂಡು ಕೂಡ ಇಂಥ ಒಂದು ನಾಯಿ ಕಾಯುವ ಮಂದೆಯ ಮೇಲೆ ಬೀಳಲು ಹಿಂಜರಿಯುತ್ತಿತ್ತು. ಆ ನಾಯಿ ಕುರಿಗಳನ್ನು ತನ್ನ ಒಡಹುಟ್ಟಿದವರೆಂದೇ ಎಣಿಸುತ್ತದೆ ಎಂದು ಡಾರ್ವಿನ್ ತಮ್ಮ ಪ್ರವಾಸಕಥನದಲ್ಲಿ ಬರೆದರು. ಇಡೀ ಗುಟ್ಟು ಆ ಒಂದು ವಾಕ್ಯದಲ್ಲಿತ್ತು. ಓದಿದವರು ಮೆಚ್ಚಿ ಪುಟ ತಿರುವಿದರು. ನೂರು ವರ್ಷ ಅದು ಸ್ವಾರಸ್ಯದ ಸಂಗತಿಯಾಗಿಯೇ ಉಳಿಯಿತು.

ನಡುವೆ ಚೀನಾದ ಮನಶ್ಶಾಸ್ತ್ರಜ್ಞ ಕುವೊ ಬೆಕ್ಕುಗಳನ್ನು ಹಿಡಿದುಕೊಂಡು ಅದೇ ಬಾಗಿಲು ಬಡಿದರು. ಬೆಕ್ಕು ಇಲಿಯನ್ನು ಕೊಲ್ಲುವುದು ಹುಟ್ಟುಗುಣವೇ ಎಂಬುದು ಅವರ ಪ್ರಶ್ನೆ. 1930ರಲ್ಲಿ ಪ್ರಕಟವಾದ ಅವರ ಲೆಕ್ಕ ಹೀಗಿತ್ತು: ಇಲಿ ಹಿಡಿಯುವುದನ್ನು ನೋಡುತ್ತ ಬೆಳೆದ 21 ಮರಿಗಳಲ್ಲಿ 18 ಇಲಿ ಕೊಂದವು. ಒಂಟಿಯಾಗಿ ಬೆಳೆದ 20ರಲ್ಲಿ 9 ಕೊಂದವು. ಇಲಿಯ ಜೊತೆ ಒಂದೇ ಗೂಡಿನಲ್ಲಿ ಬೆಳೆದ 18ರಲ್ಲಿ ಕೊಂದವು ಮೂರೇ, ಅವೂ ತಮ್ಮ ಜೊತೆ ಬೆಳೆದ ತಳಿಯ ಇಲಿಯನ್ನು ಮುಟ್ಟಲಿಲ್ಲ. ಒಡನಾಡಿಯನ್ನು ಬೇಟೆಯ ಪಟ್ಟಿಯಿಂದ ತೆಗೆದುಹಾಕುವ ಏನೋ ಒಂದು ಎಳೆತನದಲ್ಲಿ ನಡೆಯುತ್ತಿತ್ತು. ಯಾವಾಗ, ಎಷ್ಟು ದಿನ ಎಂಬುದು ಇನ್ನೂ ಕತ್ತಲಲ್ಲಿತ್ತು.

ಆ ಕತ್ತಲಿಗೆ ದೀಪ ಹಿಡಿದ ಜಾಗ ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್. ಅಲ್ಲಿನ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ನಾಯಿಮರಿಗಳ ಹಿಂದೆ ಬಿದ್ದಿದ್ದರು. ಅದೇ ಅಂಗಳದಲ್ಲಿ ಡೇನಿಯಲ್ ಫ್ರೀಡ್‌ಮನ್ ಮತ್ತು ಇಬ್ಬರು ಸಂಗಡಿಗರು ಒಂದು ಕಠಿಣ ಪ್ರಯೋಗ ಹೂಡಿದರು. ಸುಮಾರು ಒಂದು ಎಕರೆ ಬಯಲಿಗೆ ಎತ್ತರದ ಹಲಗೆ ಬೇಲಿ ಕಟ್ಟಿ, ಒಳಗೆ ಕಾಕರ್ ಸ್ಪ್ಯಾನಿಯೆಲ್ ಮತ್ತು ಬೀಗಲ್ ಮರಿಗಳನ್ನು ತಾಯಿಯ ಜೊತೆ ಬಿಟ್ಟರು. ಆಹಾರ ನೀರನ್ನು ಬೇಲಿಯ ಕಿಂಡಿಯಿಂದ ನೂಕುತ್ತಿದ್ದರು. ಮರಿಗಳು ಮನುಷ್ಯನ ಮುಖ ಕಾಣಬಾರದು, ದನಿ ಕೇಳಬಾರದು. ಆಮೇಲೆ ಕೆಲವನ್ನು ಎರಡನೆಯ ವಾರದಲ್ಲಿ, ಕೆಲವನ್ನು ಮೂರು, ಐದು, ಏಳು, ಒಂಬತ್ತನೆಯ ವಾರದಲ್ಲಿ ಹೊರತಂದು, ಒಂದೇ ಒಂದು ವಾರ ಮನುಷ್ಯರ ಜೊತೆ ಆಡಿಸಿ, ಮತ್ತೆ ಒಳಗೆ ಬಿಟ್ಟರು. ಐದು ಮರಿಗಳನ್ನು ಮಾತ್ರ ಹದಿನಾಲ್ಕನೆಯ ವಾರದವರೆಗೂ ಹೊರತರಲಿಲ್ಲ.

ಹದಿನಾಲ್ಕನೆಯ ವಾರ ಎಲ್ಲವನ್ನೂ ಹೊರತಂದರು. ಎರಡೇ ವಾರದಲ್ಲಿ ಹೊರಬಂದಿದ್ದ ಮರಿಗಳು ಆಗ ಬಹುಪಾಲು ನಿದ್ದೆಯಲ್ಲೇ ಕಳೆದಿದ್ದವು, ಅವಕ್ಕೆ ಆ ವಾರದಿಂದ ಹೆಚ್ಚೇನೂ ದಕ್ಕಿರಲಿಲ್ಲ. ಐದರಿಂದ ಒಂಬತ್ತು ವಾರದೊಳಗೆ ಮನುಷ್ಯರನ್ನು ಕಂಡಿದ್ದವು ಬಾಲವಾಡಿಸಿಕೊಂಡು ಬಂದವು. ಆ ಐದು ಮರಿಗಳು ಮಾತ್ರ ಕಾಡುಪ್ರಾಣಿಗಳಾಗಿದ್ದವು. ಕೊರಳಿಗೆ ಹಗ್ಗ ಹಾಕಿದರೆ ನೆಲಕ್ಕೆ ಬಿದ್ದು ಒದ್ದಾಡಿದವು. ಅವುಗಳಲ್ಲಿ ಒಂದನ್ನು ಆಮೇಲೆ ಮೂರು ತಿಂಗಳು ಮೈದಡವಿ, ಕೈತುತ್ತು ಕೊಟ್ಟು ಒಲಿಸಲು ನೋಡಿದರು. ಅಲ್ಪಸ್ವಲ್ಪ ಬದಲಾಯಿತು, ಅಷ್ಟೇ. ಅದೇ ತಳಿ, ಅದೇ ತಾಯಿಹಾಲು. ತಪ್ಪಿಹೋದದ್ದು ಕೆಲವು ವಾರಗಳು. ಆ ವಾರಗಳನ್ನು ಮೂರು ತಿಂಗಳ ಪ್ರೀತಿಯೂ ಮರಳಿ ತರಲಿಲ್ಲ. 1961ರಲ್ಲಿ ಪ್ರಕಟವಾದ ಈ ಪುಟ್ಟ ವರದಿ ನಾಯಿಯ ಬಾಳಿನಲ್ಲೊಂದು ಕಿಟಕಿಯಿದೆಯೆಂದೂ, ಅದು ಮೂರನೆಯ ವಾರದ ಸುಮಾರಿಗೆ ತೆರೆದು ಮೂರು ತಿಂಗಳು ದಾಟುವುದರೊಳಗೆ ಮುಚ್ಚುತ್ತ ಬರುತ್ತದೆಂದೂ ತೋರಿಸಿತು.

ಉರುಗ್ವೆಯ ಕುರಿಹಟ್ಟಿಗೂ ಬಾರ್ ಹಾರ್ಬರ್‌ನ ಬೇಲಿಗೂ ನಂಟು ಕಟ್ಟಿದ್ದು ವಿಷ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಸರ್ಕಾರಿ ಭೂಮಿಯಲ್ಲಿ ಮಾಂಸಾಹಾರಿ ಪ್ರಾಣಿಗಳಿಗೆ ವಿಷವಿಡುವುದನ್ನು ತಡೆದರು. ಕಯೋಟೆ ಎಂಬ ಗುಳ್ಳೆನರಿಯಂಥ ಪ್ರಾಣಿಯಿಂದ ಕುರಿ ಕಳೆದುಕೊಳ್ಳುತ್ತಿದ್ದ ರೈತರು ಹುಯಿಲೆಬ್ಬಿಸಿದರು. ಮ್ಯಾಸಚೂಸೆಟ್ಸ್‌ನ ಹ್ಯಾಂಪ್‌ಶೈರ್ ಕಾಲೇಜಿನಲ್ಲಿ ರೇಮಂಡ್ ಕಾಪಿಂಜರ್ ಎಂಬ ಜೀವವಿಜ್ಞಾನಿ ಇದ್ದರು. ಹಿಮದಲ್ಲಿ ನಾಯಿಬಂಡಿ ಓಡಿಸುವ ಪಂದ್ಯಗಳ ಹುಚ್ಚು ಹಿಡಿದಿದ್ದವರು. 1970ರ ದಶಕದ ಕೊನೆಯಲ್ಲಿ ಅವರೂ ಪತ್ನಿ ಲೋರ್ನಾ ಅವರೂ ಯುರೋಪಿನ ಗುಡ್ಡಗಾಡುಗಳನ್ನು ಸುತ್ತಿ ಕುರುಬರ ಹಟ್ಟಿಗಳಿಂದ ಮರಿಗಳನ್ನು ಕೊಂಡು ತಂದರು. ಇಟಲಿಯ ಮರೆಮ್ಮಾ, ಯುಗೊಸ್ಲಾವಿಯಾದ ಶಾರ್‌ಪ್ಲಾನಿನಾತ್ಸ್, ಟರ್ಕಿಯ ಅನಟೋಲಿಯನ್. ಅವನ್ನೂ ಅವುಗಳ ಸಂತಾನವನ್ನೂ ರೈತರ ಮನೆಗಳಿಗೆ ಹಂಚಿ, ವರ್ಷಗಟ್ಟಲೆ ಲೆಕ್ಕವಿಟ್ಟರು. ಮುಂದೆ ಹೀಗೆ ಹಂಚಿದ ನಾಯಿಗಳು ಸಾವಿರ ದಾಟಿದವು.

ಆರಂಭದ ಸುದ್ದಿಗಳೆಲ್ಲ ಗೆಲುವಿನವಾಗಿರಲಿಲ್ಲ. ಮುದ್ದು ಮಾಡಿ ಸಾಕಿದ ಮರಿಗಳು ಮಂದೆ ಬಿಟ್ಟು ಮನೆಯ ಜಗಲಿಗೆ ಬಂದು ಮಲಗಿದವು. ಮಂದೆಯಲ್ಲಿ ಉಳಿದವು ಆರೇಳು ತಿಂಗಳ ಪ್ರಾಯಕ್ಕೆ ಬರುತ್ತಲೇ ಕುರಿಮರಿಗಳ ಕಿವಿ ಜಗಿದವು, ಉಣ್ಣೆ ಕಿತ್ತವು, ಆಟಕ್ಕೆಂದು ಅಟ್ಟಾಡಿಸಿ ಸಾಯಿಸಿದ್ದೂ ಉಂಟು. ರೈತನ ಕಣ್ಣಿಗೆ ಅದು ಕೊಲೆಗಡುಕ ನಾಯಿ. ಕಾಪಿಂಜರ್ ದಂಪತಿಗೆ ಅದು ಹರೆಯ. ಆಟ ಶುರುವಾದ ಕೂಡಲೇ ತಡೆದು, ಕೆಲವು ತಿಂಗಳು ಬಲಿತ ಕುರಿಗಳ ಜೊತೆಗೋ ಬೇಲಿಯಾಚೆಗೋ ಇಟ್ಟರೆ ಆ ಚಾಳಿ ಕಳಚಿ ಬೀಳುವುದನ್ನು ಅವರು ಕಂಡುಕೊಂಡರು. ಹೊಡೆತದಿಂದ ಆಗದಿದ್ದದ್ದು ಕಾಯುವುದರಿಂದ ಆಯಿತು. ಒಳ್ಳೆಯ ಕಾವಲುನಾಯಿಗೆ ಮೂರು ಗುಣ ಬೇಕೆಂದು ಅವರು ಪಟ್ಟಿ ಮಾಡಿದರು: ಮಂದೆಗೆ ಕೇಡು ಮಾಡಬಾರದು, ಮಂದೆಯ ಮೇಲೇ ಗಮನ ಇರಬೇಕು, ಮಂದೆಯನ್ನು ಕಾಯಬೇಕು. ಕಾದಾಟ ಮೂರನೆಯದು. ಮೊದಲ ಎರಡು ಕೂಡಿಬಂದರೆ ಅದು ತಾನಾಗಿ ಬರುತ್ತಿತ್ತು.

ಇನ್ನೊಂದು ಗುಟ್ಟು ಕಾಲೇಜಿನ ದೊಡ್ಡಿಯಲ್ಲೇ ಬಯಲಾಯಿತು. ಅಲ್ಲಿ ಕಾವಲು ಜಾತಿಯ ಮರಿಗಳನ್ನೂ, ಕುರಿ ಅಟ್ಟುವ ಬಾರ್ಡರ್ ಕೋಲಿ ಜಾತಿಯ ಮರಿಗಳನ್ನೂ ಅಕ್ಕಪಕ್ಕ ಬೆಳೆಸಿದ್ದರು. ಎಳೆತನದಲ್ಲಿ ಎರಡೂ ಒಂದೇ ತೆರ. ಬೆಳೆಯುತ್ತ ಬಂದಂತೆ ಕೋಲಿ ಮರಿಯ ಕಣ್ಣು ಬದಲಾಯಿತು. ತಲೆ ತಗ್ಗಿಸಿ, ರೆಪ್ಪೆ ಮಿಟುಕಿಸದೆ ದಿಟ್ಟಿಸಿ, ಹೊಂಚಿ, ಅಟ್ಟತೊಡಗಿತು. ಪಕ್ಕದ ಕಾವಲು ಮರಿ ಹುಲ್ಲಿನ ಮೇಲೆ ಬಿದ್ದುಕೊಂಡೇ ಇತ್ತು. ತೋಳದ ಬೇಟೆ ಒಂದು ಸರಪಳಿ: ದಿಟ್ಟಿಸು, ಹೊಂಚು, ಅಟ್ಟು, ಕಚ್ಚು, ಕೊಲ್ಲು, ಸೀಳು. ಕೋಲಿಯಲ್ಲಿ ಮೊದಲ ಕೊಂಡಿಗಳನ್ನು ಮನುಷ್ಯ ಗಟ್ಟಿ ಮಾಡಿಕೊಂಡಿದ್ದ. ಕಾವಲುನಾಯಿಯಲ್ಲಿ ಆ ಕೊಂಡಿಗಳು ಸಡಿಲವಾಗಿದ್ದವು, ಕೆಲವು ಕಾಣಿಸಿಕೊಳ್ಳಲೇ ಇಲ್ಲ. ಸಾವಿರಾರು ವರ್ಷ ಕುರುಬರು ಕುರಿ ಕೊಂದ ನಾಯಿಯನ್ನು ಉಳಿಸಿಕೊಳ್ಳದೆ ಬಂದದ್ದರ ಫಲ ಅದು.

ಕೋಳಿಯ ಮಾತು ಬಂದಾಗ ಇದೆಲ್ಲ ಇನ್ನೂ ಬಿಗಿಯಾಯಿತು. ಕುರಿ ಕಾಲು ನೆಲಕ್ಕೆ ಬಡಿದು ನಾಯಿಯನ್ನು ಗದರಿಸಬಲ್ಲದು, ಢೀ ಕೊಡಬಲ್ಲದು. ಕೋಳಿ ಕೀಚಲು ದನಿಯಲ್ಲಿ ಕೂಗಿ ರೆಕ್ಕೆ ಬಡಿದು ಹಾರುತ್ತದೆ, ಆಟಕ್ಕೆ ಕರೆದಂತೆಯೇ ಆಗುತ್ತದೆ. ನಾಯಿ ಪ್ರೀತಿಯಿಂದ ಪಂಜ ಇಟ್ಟರೂ ಸಾಕು, ಬೆನ್ನು ಮುರಿಯುತ್ತದೆ. ಕೋಳಿ ಸಾಕುವ ರೈತರು ತಪ್ಪಿ ತಪ್ಪಿ ಕಲಿತದ್ದು ತಾಳ್ಮೆಯ ದಾರಿ. ಮರಿಯನ್ನು ಎಳವೆಯಲ್ಲೇ ಕೋಳಿಯ ದೊಡ್ಡಿಯ ಪಕ್ಕ, ತಂತಿಬಲೆಯ ಈಚೆ ಮಲಗಿಸಿ ವಾಸನೆ ಸದ್ದುಗಳನ್ನು ಮೈಗೂಡಿಸುವುದು. ದಿನಕ್ಕೆ ಹತ್ತಾರು ನಿಮಿಷ, ಹಗ್ಗ ಹಿಡಿದು, ಹೆದರದ ಬಲಿತ ಕೋಳಿಗಳ ನಡುವೆ ಕರೆದೊಯ್ಯುವುದು. ಮೂಗಿಗೊಂದು ಕುಟುಕು ಬಿದ್ದರೆ ಬೀಳಲಿ ಎಂದು ಬಿಡುವುದು. ಕೋಳಿಯತ್ತ ನೋಡಿ ಮುಖ ತಿರುಗಿಸಿದಾಗ, ನೆಲಕ್ಕೊರಗಿ ಆಕಳಿಸಿದಾಗ ತಿಂಡಿ ಕೊಡುವುದು. ಹರೆಯ ಕಳೆಯುವವರೆಗೆ, ಒಂದೂವರೆ ಎರಡು ವರ್ಷದವರೆಗೂ, ಕೋಳಿಗಳ ಜೊತೆ ಒಂಟಿಯಾಗಿ ಬಿಡದಿರುವುದು. ಮಾರ್ಷ್ ಅವರ ಹೊಲದಲ್ಲಿ ಅಂಥ ಹರೆಯ ದಾಟಿ ನಿಂತಿದ್ದ ಹೆಣ್ಣು ಮರೆಮ್ಮಾ ಒಂದಿತ್ತು. ಹೆಸರು ಒಡ್‌ಬಾಲ್.

ಕೊನೆಗೆ ಬಾಗಿಲು ತೆರೆದದ್ದು ಒಬ್ಬ ವಿದ್ಯಾರ್ಥಿಯಿಂದ. ಡೇವ್ ವಿಲಿಯಮ್ಸ್ ಮಾರ್ಷ್ ಅವರ ಕೋಳಿ ಹೊಲದಲ್ಲಿ ದುಡಿಯುತ್ತ, ಡೀಕಿನ್ ವಿಶ್ವವಿದ್ಯಾಲಯದ ವಾರ್ನಂಬೂಲ್ ಕ್ಯಾಂಪಸ್‌ನಲ್ಲಿ ಪರಿಸರ ವಿಜ್ಞಾನ ಓದುತ್ತಿದ್ದ. ಹೊಲದಲ್ಲಿ ಕಂಡದ್ದನ್ನು ಪೆಂಗ್ವಿನ್ ಉಳಿಸುವ ಉಪಾಯವಾಗಿ ಬರೆದು ಮುಂದಿಟ್ಟ. ಕಳೆದುಕೊಳ್ಳಲು ಉಳಿದಿದ್ದೇ ಹತ್ತಕ್ಕಿಂತ ಕಡಿಮೆ ಹಕ್ಕಿಗಳು, ಅಧಿಕಾರಿಗಳು ಒಪ್ಪಿದರು. 2006ರಲ್ಲಿ ಒಡ್‌ಬಾಲ್ ಆ ಗೇಣುದ್ದದ ನೀರು ದಾಟಿ ದ್ವೀಪಕ್ಕೆ ಹೋಯಿತು. ಮೊದಮೊದಲು ವಿಲಿಯಮ್ಸ್ ಕೂಡ ಅಲ್ಲೇ ಗುಡಾರ ಹಾಕಿಕೊಂಡು ಮಲಗಿದ. ನಾಯಿ ಗಾಳಿ ಮೂಸಿತು, ಬಿಲಗಳನ್ನು ಮೂಸಿತು, ದಿಬ್ಬದ ಅಂಚಿನಲ್ಲೆಲ್ಲ ತನ್ನ ಗುರುತಿನ ವಾಸನೆ ಬಿಟ್ಟಿತು, ಕತ್ತಲಲ್ಲಿ ಬೊಗಳಿತು. ಪೆಂಗ್ವಿನ್‌ಗಳು ದಡ ಹತ್ತಿ ಬಂದವು. ನಾಯಿ ಅವನ್ನು ಮುಟ್ಟಲಿಲ್ಲ. ಬೆಳಿಗ್ಗೆ ಹೊಸ ಹೆಣ ಬಿದ್ದಿರಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ.

ಕೆಲವೇ ವಾರ ಕಳೆದಿದ್ದವು, ಒಡ್‌ಬಾಲ್ ಕಾಣೆಯಾಯಿತು. ದ್ವೀಪದಿಂದಿಳಿದು, ನೀರು ದಾಟಿ, ಹಾದಿ ಹುಡುಕಿಕೊಂಡು ಮಾರ್ಷ್ ಅವರ ಹೊಲಕ್ಕೆ, ತನ್ನ ಕೋಳಿಗಳ ಬಳಿಗೆ ಮರಳಿತ್ತು. ಉಂಬ್ರಿಯಾದ ನಾಯಿಗಳು ಎರಡು ಸಾವಿರ ವರ್ಷದ ಹಿಂದೆ ಮಾಡಿದ್ದನ್ನೇ ಅದೂ ಮಾಡಿತ್ತು. ಅದಕ್ಕೆ ಪೆಂಗ್ವಿನ್‌ಗಳ ಮೇಲೆ ಹಗೆ ಇರಲಿಲ್ಲ, ಬಳಗವೆಂಬ ಭಾವವೂ ಇನ್ನೂ ಬಂದಿರಲಿಲ್ಲ. ಒಂಟಿತನ ಅದನ್ನು ಓಡಿಸಿತ್ತು. ಈ ಸೋಲು ಉಪಾಯವನ್ನು ತಿದ್ದಿತು. ಮುಂದೆ ನಾಯಿಗಳನ್ನು ಜೋಡಿಯಾಗಿ ಕಳಿಸಿದರು. ಯೂಡಿ ಮತ್ತು ಟುಲಾ ಎಂಬ ಎರಡು ಮರೆಮ್ಮಾಗಳು, ಈ ಪೆಂಗ್ವಿನ್‌ನ ಶಾಸ್ತ್ರೀಯ ಹೆಸರಾದ ಯೂಡಿಪ್ಟುಲಾವನ್ನು ಇಬ್ಭಾಗ ಮಾಡಿ ಹೆಸರಿಟ್ಟಂಥವು, ಎಳೆತನದಿಂದಲೇ ಆ ವಾಸನೆಗೆ ಹೊಂದಿಕೊಂಡು, ಪಾಲಕರ ಜೊತೆ ದ್ವೀಪಕ್ಕೆ ಹೋಗಿ ಬಂದು ಮಾಡುತ್ತ ಅದನ್ನು ತಮ್ಮ ಅಂಗಳ ಮಾಡಿಕೊಂಡವು. ಅವು ನರಿಯೊಂದಿಗೆ ಕಾದಾಡಬೇಕಾಗಿಯೂ ಇರಲಿಲ್ಲ. ವಾಸನೆ ಮತ್ತು ಬೊಗಳಿಕೆಯೇ ಸಾಕಾಗಿತ್ತು. ಗಾಯವಾದರೆ ಉಪವಾಸ ಬೀಳುವ ನರಿ ದೊಡ್ಡ ನಾಯಿಯಿರುವ ಜಾಗಕ್ಕೆ ಕಾಲಿಡುವುದಿಲ್ಲ. ಹಕ್ಕಿಗಳ ಸಂಖ್ಯೆ ಮತ್ತೆ ನೂರು ದಾಟಿತು. 2015ರಲ್ಲಿ ‘ಒಡ್‌ಬಾಲ್’ ಎಂಬ ಹೆಸರಿನಲ್ಲೇ ಸಿನಿಮಾವೂ ಬಂತು.

ವರ್ರೋ ಹೇಳದೆ ಬಿಟ್ಟದ್ದು ಇಷ್ಟಾಗಿತ್ತು. ನಾಯಿಮರಿ ಮೂರನೆಯ ವಾರದಿಂದ ಮೂರನೆಯ ತಿಂಗಳವರೆಗೆ ಯಾರ ವಾಸನೆಯಲ್ಲಿ ಉಂಡು, ಮಲಗಿ, ಆಡುತ್ತದೋ ಅವರನ್ನು ತನ್ನವರ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಆ ಪಟ್ಟಿಯಲ್ಲಿ ಕುರಿ, ಕೋಳಿ, ಪೆಂಗ್ವಿನ್ ಯಾವುದೂ ಇರಬಹುದು. ಬೇಟೆಯ ಸರಪಳಿ ಸಡಿಲವಾಗಿರುವ ತಳಿಯಾದರೆ ಆ ನಂಟು ಹರೆಯವನ್ನೂ ದಾಟಿ ಉಳಿಯುತ್ತದೆ. ಕೋಳಿ ಕಾಯುವ ನಾಯಿ ಕೋಳಿ ತಿನ್ನುವ ಆಸೆಯನ್ನು ಅದುಮಿಟ್ಟುಕೊಂಡು ಕೂತಿರುವುದಿಲ್ಲ. ಅದರ ಕಣ್ಣಿಗೆ ಕೋಳಿ ಬೇಟೆಯಾಗಿ ಕಾಣುವುದೇ ಇಲ್ಲ.

ಕಿಟಕಿ ಮುಚ್ಚಿದ ಮೇಲೆ ಮನೆ ಸೇರಿದ ನಾಯಿಗೆ, ಅಟ್ಟುವುದಕ್ಕೆಂದೇ ಬೆಳೆಸಿದ ಬೇಟೆನಾಯಿ ಟೆರಿಯರ್‌ಗಳಿಗೆ, ಈ ನಂಟು ಹಾಗೆ ಕೂಡಿಬರಲಿಲ್ಲ. ಅವಕ್ಕೆ ಕಲಿಸಲು ಸಾಧ್ಯವಾದದ್ದು ಯಜಮಾನನ ಕಣ್ಣೆದುರು ಸುಮ್ಮನಿರುವುದನ್ನು: ದೂರದಿಂದ ಆರಂಭಿಸಿ, ಹಗ್ಗ ಹಿಡಿದು, ಕೋಳಿಯಿಂದ ಮುಖ ತಿರುಗಿಸಿದಾಗೆಲ್ಲ ತಿಂಡಿ ಕೊಟ್ಟು, ವಾರಗಟ್ಟಲೆ ನಡೆಸುವ ಪಾಠ. ಯಜಮಾನ ಒಳಗೆ ಹೋದ ಹೊತ್ತಿನಲ್ಲಿ ಕೋಳಿಯನ್ನು ಕಾದದ್ದು ಗಟ್ಟಿಯಾದ ತಂತಿಬಲೆಯೇ.

ಒಡ್‌ಬಾಲ್ ಕಾಲಿಟ್ಟ 2006ರಿಂದ ಹನ್ನೊಂದು ವರ್ಷ ಮಿಡ್ಲ್ ಐಲೆಂಡಿನಲ್ಲಿ ನರಿಯ ಬಾಯಿಗೆ ಸಿಕ್ಕಿ ಸತ್ತ ಪೆಂಗ್ವಿನ್ ಒಂದೂ ಲೆಕ್ಕಕ್ಕೆ ಬರಲಿಲ್ಲ. 2017ರಲ್ಲಿ ಸಮುದ್ರ ಉಕ್ಕಿ, ನಾಯಿಗಳನ್ನು ದ್ವೀಪಕ್ಕೆ ದಾಟಿಸಲು ಆಗದ ದಿನಗಳು ಬಂದವು. ನರಿ ಹೇಗೋ ದಾಟಿತ್ತು. ಪಾಲಕರು ಮತ್ತೆ ದ್ವೀಪ ಹತ್ತಿದಾಗ ಸುಮಾರು 140 ಹಕ್ಕಿಗಳು ಇಲ್ಲವಾಗಿದ್ದವು.